ಊರಿಗೆ ಹೊಂಟ್ರಾ? ಕರೆಂಟ್ ಕಾರಿನ ಹೊಟ್ಟೆ ನೋಡಿ ಹೋಗ್ರಿ!

ವಾಸ್ಕೋ: ಚೌತಿಗೆಂದು ಊರಿಗೆ ಹೋದವರು ಹದಿನೈದು-ಇಪ್ಪತ್ತು ದಿನ ಇದ್ದು ಗೋವಾಕ್ಕೆ ವಾಪಸಾಗುತ್ತಾರೆ. ಚೀಲದಲ್ಲಿ ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಹೆಗಲ ಮೇಲೆ ನಿದ್ದೆಗಣ್ಣಿನ ಕೂಸು. ಮರುದಿನ ಬೆಳಿಗ್ಗೆ ಡ್ಯೂಟಿಗೆ ಹೊರಡಲು ಕಾರಿನ ರಿಮೋಟ್ ಒತ್ತಿದರೆ ಉಸಿರೇ ಇಲ್ಲ. ಬಾಗಿಲು ತೆರೆಯುವುದಿಲ್ಲ, ದೀಪ ಮಿನುಗುವುದಿಲ್ಲ. ‘ಹೋಗೂ ಮುಂದ ಫುಲ್ ಚಾರ್ಜ್ ಮಾಡೇ ಹೋಗಿದ್ನೆಲ್ರೀ, ಅದೆಲ್ಲಾ ಎಲ್ಲಿ ಹೋತು?’ ಎಂಬುದೇ ಆಗ ಬಾಯಿಗೆ ಬರುವ ಮೊದಲ ಮಾತು.

ಎಲ್ಲೂ ಹೋಗಿರುವುದಿಲ್ಲ. ಕಾರಿನ ತಳದಲ್ಲಿರುವ ದೊಡ್ಡ ಬ್ಯಾಟರಿ ಹೆಚ್ಚೂಕಡಿಮೆ ಹಾಗೇ ಇರುತ್ತದೆ. ಮಲಗಿರುವುದು ಬಾನೆಟ್ ಒಳಗಿನ 12 ವೋಲ್ಟ್‌ನ ಸಣ್ಣ ಬ್ಯಾಟರಿ. ಪೆಟ್ರೋಲ್ ಕಾರಿನಲ್ಲಿ ಇರುತ್ತದಲ್ಲ, ಅದೇ ಜಾತಿಯದು. ಬಾಗಿಲ ಲಾಕ್, ಕಂಪ್ಯೂಟರ್, ಕೊನೆಗೆ ದೊಡ್ಡ ಬ್ಯಾಟರಿಯನ್ನು ಮೋಟಾರಿಗೆ ಜೋಡಿಸುವ ಸ್ವಿಚ್ ಕೂಡ ನಡೆಯುವುದು ಈ ಸಣ್ಣದರ ಬಲದ ಮೇಲೆ. ಇದು ಸತ್ತರೆ ಕಣಜ ತುಂಬಿದ್ದರೂ ಕೀಲಿ ಕಳೆದುಕೊಂಡ ಸ್ಥಿತಿ.

ಗೋವಾದಲ್ಲಿ ವಿದ್ಯುತ್ ವಾಹನ ನೀತಿ ಬಂದದ್ದು 2021ರಲ್ಲಿ. ಅದಕ್ಕೂ ಒಂದು ವರ್ಷ ಮೊದಲು ಟಾಟಾ ನೆಕ್ಸಾನ್ ಇ.ವಿ. ಮಾರುಕಟ್ಟೆಗೆ ಬಂದಿತ್ತು. ಈ ತುದಿಯಿಂದ ಆ ತುದಿಗೆ ನೂರು ಚಿಲ್ಲರೆ ಕಿಲೋಮೀಟರ್ ಇರುವ ರಾಜ್ಯಕ್ಕೆ ಇಂಥ ಗಾಡಿ ಸಲೀಸು. ಆದರೆ ವಾಸ್ಕೋ, ಮಡಗಾಂವ, ಫೋಂಡಾ, ಮಾಪುಸಾದ ಕನ್ನಡ ಕುಟುಂಬಗಳದ್ದು ಎರಡು ಊರಿನ ಬದುಕು. ಚೌತಿ, ದೀಪಾವಳಿ, ಊರ ಜಾತ್ರೆ, ಬೇಸಿಗೆ ರಜೆ ಎಂದರೆ ಗದಗ, ಬಾಗಲಕೋಟೆ, ವಿಜಯಪುರ, ಕೊಪ್ಪಳದ ದಾರಿ ಹಿಡಿಯಲೇಬೇಕು. ಘಟ್ಟ ಹತ್ತಿದ ಮೇಲೆ ಚಾರ್ಜಿಂಗ್ ಸಿಕ್ಕೀತೋ ಇಲ್ಲವೋ ಎಂಬ ಅಳುಕಿದ್ದವರು ರೈಲು ಹತ್ತುತ್ತಾರೆ. ಕಾರು ಮನೆ ಮುಂದೆ ನಿಲ್ಲುತ್ತದೆ. ಹಡಗಿನ ಕೆಲಸಕ್ಕೋ ದುಬೈಗೋ ಹೋದವರ ಕಾರಂತೂ ಆರಾರು ತಿಂಗಳು ನಿಂತಲ್ಲೇ.

ಎರಡು ಬ್ಯಾಟರಿ, ಎರಡು ಸ್ವಭಾವ

ಎಡವುವುದು ಇಲ್ಲೇ. ಮನೆಯ ಇನ್ವರ್ಟರ್, ಟ್ರ್ಯಾಕ್ಟರ್ ಬ್ಯಾಟರಿ ನೋಡಿ ಬೆಳೆದವರಿಗೆ ‘ತುಂಬಿಟ್ಟು ಹೋದರೆ ಚಲೋ’ ಎಂಬುದೇ ಪಾಠ. ಸೀಸದ ಬ್ಯಾಟರಿಗೆ ಆ ಪಾಠ ಸರಿ. ಅದನ್ನು ಖಾಲಿ ಬಿಟ್ಟರೆ ಫಲಕಗಳಿಗೆ ಸಲ್ಫೇಟ್ ಕಟ್ಟಿ ಮತ್ತೆ ಚಾರ್ಜ್ ಹಿಡಿಯುವುದಿಲ್ಲ. 2001ರಲ್ಲಿ ಬೆಂಗಳೂರಿನಲ್ಲಿ ಬಂದ ‘ರೇವಾ’ ಕಾರು ಓಡುತ್ತಿದ್ದದ್ದೂ 6 ವೋಲ್ಟ್‌ನ ಎಂಟು ಸೀಸದ ಬ್ಯಾಟರಿಗಳ ಮೇಲೆ.

ಈಗಿನ ಕಾರಿನ ದೊಡ್ಡ ಬ್ಯಾಟರಿ ಲಿಥಿಯಂನದ್ದು. ಇದರ ಗುಣ ಉಲ್ಟಾ. ನೂರಕ್ಕೆ ನೂರು ತುಂಬಿಸಿ ಗೋವಾದ ಏಪ್ರಿಲ್-ಮೇ ಬಿಸಿಲಲ್ಲಿ ವಾರಗಟ್ಟಲೆ ನಿಲ್ಲಿಸಿದರೆ ಅದರ ಆಯುಸ್ಸು ಬೇಗ ಸವೆಯುತ್ತದೆ. ಹಾಗಂತ ಖಾಲಿ ಬಿಡುವಂತೆಯೂ ಇಲ್ಲ. ಐದೋ ಹತ್ತೋ ಪರ್ಸೆಂಟಿನಲ್ಲಿ ಬಿಟ್ಟು ತಿಂಗಳುಗಟ್ಟಲೆ ಹೋದರೆ ಒಳಗಿನ ಸೆಲ್‌ಗಳು ತಳ ಮುಟ್ಟಿ ಮತ್ತೆ ಏಳದಂತೆ ಕೆಡಬಹುದು. ಕಂಪನಿಗಳು ದೊಡ್ಡ ಬ್ಯಾಟರಿಗೆ ಎಂಟು ವರ್ಷದ ಗ್ಯಾರಂಟಿ ಕೊಡುವುದು ನಿಜ. ಆದರೆ ಹೀಗೆ ಖಾಲಿ ಬಿಟ್ಟು ಕೆಡಿಸಿದರೆ ಅದು ಅನ್ವಯಿಸುತ್ತದೆಯೇ ಎಂದು ಪುಸ್ತಕದ ಸಣ್ಣಕ್ಷರ ಓದಿಕೊಳ್ಳಬೇಕು. ಸಣ್ಣ ಬ್ಯಾಟರಿ ಸತ್ತರೆ ಕೆಲವು ಸಾವಿರ, ದೊಡ್ಡದು ಕೆಟ್ಟರೆ ಲಕ್ಷಗಳ ಮಾತು.

ಆದ್ದರಿಂದ ಊರಿಗೆ ಹೊರಡುವಾಗ ದೊಡ್ಡದು ಅರ್ಧ ತುಂಬಿರಲಿ. 50ರಿಂದ 60 ಪರ್ಸೆಂಟ್ ಇದ್ದರೆ ಸಾಕು. ಬರೀ ನಿಂತಿದ್ದರೆ ಲಿಥಿಯಂ ಬ್ಯಾಟರಿ ತನ್ನಷ್ಟಕ್ಕೆ ಕಳೆದುಕೊಳ್ಳುವುದು ತಿಂಗಳಿಗೆ ಒಂದೆರಡು ಪರ್ಸೆಂಟ್ ಮಾತ್ರ.

ಹಾಗಾದರೆ ಕರೆಂಟ್ ತಿನ್ನುವವರು ಯಾರು? ಕಾರು ಮಲಗಿದ್ದರೂ ಅದರ ಅಲಾರಂ, ಮೊಬೈಲ್ ಸಂಪರ್ಕದ ಸಿಮ್, ರಿಮೋಟ್‌ಗೆ ಕಿವಿಗೊಡುವ ಸಾಧನ ಎಚ್ಚರವಿರುತ್ತವೆ. ಲೆಕ್ಕ ಸರಳ. ಇವೆಲ್ಲ ಸೇರಿ 50 ಮಿಲಿ ಆಂಪಿಯರ್ ಎಳೆದರೂ ದಿನಕ್ಕೆ 1.2 ಆಂಪಿಯರ್-ಅವರ್ ಆಯಿತು. 30 ದಿನಕ್ಕೆ 36. ಸಣ್ಣ ಬ್ಯಾಟರಿ 45ರದ್ದಾದರೆ ಉಳಿಯಿತೆಷ್ಟು? ಅದರ ಮೇಲೆ ಅಂಗಡಿಯಲ್ಲಿ ಕೂರಿಸಿದ ಡ್ಯಾಶ್ ಕ್ಯಾಮೆರಾ, ಜಿಪಿಎಸ್ ಇದ್ದರೆ ತಿಂಗಳೂ ಬೇಡ, ವಾರದಲ್ಲೇ ಕತೆ ಮುಗಿದೀತು. ಕೆಲವು ಕಾರುಗಳು ನಿಂತಲ್ಲೇ ದೊಡ್ಡದರಿಂದ ಸಣ್ಣದಕ್ಕೆ ತುತ್ತು ಕೊಡುತ್ತವೆ. ಆದರೆ ದೊಡ್ಡದೇ ತೀರಾ ಇಳಿದಿದ್ದರೆ ಅದೂ ನಿಲ್ಲುತ್ತದೆ.

ಇನ್ನೊಂದು ಚಟವಿದೆ. ಗದಗಿನ ಕಟ್ಟೆಯ ಮೇಲೆ ಕೂತು ದಿನಕ್ಕೆ ಹತ್ತು ಸಲ ಮೊಬೈಲ್ ಆಪ್ ತೆರೆದು ‘ಎಷ್ಟ್ ಪರ್ಸೆಂಟ್ ಐತಿ?’ ಎಂದು ನೋಡುವುದು. ಹಾಗೆ ನೋಡಿದಾಗೆಲ್ಲ ಹಲವು ಕಾರುಗಳು ಎಚ್ಚರಗೊಳ್ಳುತ್ತವೆ. ಕೂಸು ಮಲಗೇತೇನು ಎಂದು ಎಬ್ಬಿಸಿ ಕೇಳಿದಂತೆ! ಕೀಲಿಯನ್ನು ಕಾರಿನ ಪಕ್ಕದ ಗೋಡೆಗೆ ನೇತು ಹಾಕಿ ಹೋಗುವುದೂ ಬೇಡ. ಹತ್ತಿರವಿದ್ದರೆ ಕೆಲವು ಕಾರುಗಳು ಅದರ ಸುಳಿವಿಗೇ ಏಳುತ್ತವೆ.

ನೆರೆಯವರ ಕೈಗೆ ಕೀಲಿ

ತಿಂಗಳು ಮೀರುವುದಾದರೆ ನಂಬಿಕೆಯ ನೆರೆಯವರ ಕೈಗೆ ಕೀಲಿ ಕೊಟ್ಟು ಹದಿನೈದು ದಿನಕ್ಕೊಮ್ಮೆ ಅರ್ಧ ತಾಸು ಓಡಿಸಲು ಹೇಳುವುದೇ ಬರೋಬ್ಬರಿ ಉಪಾಯ. ಓಡಿಸಲು ಬಾರದಿದ್ದರೆ ‘ರೆಡಿ’ ದೀಪ ಹತ್ತಿಸಿ ತಾಸು ಹೊತ್ತು ಕೂತರೂ ನಡೆದೀತು. ಆಗ ದೊಡ್ಡದರಿಂದ ಸಣ್ಣದಕ್ಕೆ ಚಾರ್ಜ್ ಹೋಗುತ್ತದೆ. ಆದರೆ ಇಂಜಿನ್ ಸದ್ದಿಲ್ಲದ ಗಾಡಿ ನೋಡಿ, ಬರೀ ಹಾಡು ಹಚ್ಚಿ ಕೂತು ‘ಚಾಲೂ ಮಾಡಿದ್ನಿ ಅಣ್ಣಾ’ ಎಂದರೆ ಉಪಕಾರವಲ್ಲ, ಅಪಕಾರ. ‘ರೆಡಿ’ ಇಲ್ಲದೆ ಹಾಡು ಹಚ್ಚಿದರೆ ಸಣ್ಣದು ಇನ್ನಷ್ಟು ಬರಿದಾಗುತ್ತದೆ.

ನೋಡಿಕೊಳ್ಳುವವರೇ ಇಲ್ಲದಿದ್ದರೆ ಸಣ್ಣ ಬ್ಯಾಟರಿಯನ್ನು ತುಂಬಿಸಿಟ್ಟು ಅದರ ಮೈನಸ್ ತಂತಿ ಬಿಚ್ಚಿಡುವ ದಾರಿಯಿದೆ. ಎಲ್ಲ ಕಾರಿಗೂ ಇದು ಒಗ್ಗದು. ಮೊದಲು ಸರ್ವಿಸ್‌ನವರನ್ನು ಕೇಳಬೇಕು. ಮಳೆಗಾಲದಲ್ಲಿ ಚಾರ್ಜರ್ ಚುಚ್ಚಿಟ್ಟೇ ಹೋಗುವುದಕ್ಕಿಂತ ಪ್ಲಗ್ ಕಿತ್ತಿಡುವುದು ವಾಸಿ. ಸಿಡಿಲು ಹೇಳಿ ಬರುವುದಿಲ್ಲ. 2021ರ ಜುಲೈನಲ್ಲಿ ದೂಧಸಾಗರದ ಬಳಿ ಗುಡ್ಡ ಕುಸಿದು ರೈಲು ಹಳಿ ತಪ್ಪಿದ್ದು ನೆನಪಿದ್ದವರು ಹತ್ತು ದಿನದ ರಜೆಗೂ ಇಪ್ಪತ್ತು ದಿನದ ತಯಾರಿ ಮಾಡಿಕೊಂಡಾರು. 2020ರ ಲಾಕ್‌ಡೌನ್‌ನಲ್ಲಂತೂ ಗಡಿಯೇ ಬಂದಾಗಿತ್ತು.

ಇಷ್ಟಾದರೂ ಗಾಡಿ ಸತ್ತಿದ್ದರೆ ಗಾಜು ಒಡೆಯುವ ಗಡಿಬಿಡಿ ಬೇಡ. ಹಲವು ಕಾರುಗಳಲ್ಲಿ ರಿಮೋಟ್ ಒಳಗೇ ಪುಟ್ಟ ಲೋಹದ ಕೀಲಿ ಅಡಗಿರುತ್ತದೆ. ಬಾಗಿಲು ತೆರೆದು, ಪುಸ್ತಕದಲ್ಲಿ ತೋರಿಸಿದ ಜಾಗದಲ್ಲಿ ಬೇರೆ 12 ವೋಲ್ಟ್ ಬ್ಯಾಟರಿಯಿಂದ ತಂತಿ ಹಚ್ಚಿದರೆ ಕಾರು ಎದ್ದು ತನ್ನ ಸಣ್ಣದನ್ನು ತಾನೇ ತುಂಬಿಸಿಕೊಳ್ಳುತ್ತದೆ. ಕಿತ್ತಳೆ ಬಣ್ಣದ ತಂತಿಗೆ ಮಾತ್ರ ಯಾರೂ ಕೈ ಹಚ್ಚಕೂಡದು. ಅದರಲ್ಲಿ 300 ವೋಲ್ಟ್‌ಗೂ ಹೆಚ್ಚು ಹರಿಯುತ್ತದೆ. ನಿಮ್ಮ ಕರೆಂಟ್ ಕಾರಿನಿಂದ ಪಕ್ಕದವರ ಪೆಟ್ರೋಲ್ ಕಾರು ಚಾಲೂ ಮಾಡಿಕೊಡುವ ಔದಾರ್ಯವೂ ಸಲ್ಲದು. ಅಷ್ಟು ಭಾರ ಎಳೆಯುವ ತಾಕತ್ತು ಈ ಸಣ್ಣದಕ್ಕಿಲ್ಲ.

ತಿಂಗಳು ನಿಂತ ಕಾರಿನ ಪರ್ಸೆಂಟ್ ಮೀಟರನ್ನು ಪೂರ್ತಿ ನಂಬುವಂತಿಲ್ಲ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಾದರೆ ಮೀಟರ್ ಹೆಚ್ಚುಕಮ್ಮಿ ತೋರಿಸುವುದುಂಟು. ಒಮ್ಮೆ ನಿಧಾನಕ್ಕೆ 100ರವರೆಗೆ ಚಾರ್ಜ್ ಮಾಡಿದರೆ ಅದು ಸರಿಹೋಗುತ್ತದೆ. ಬಂದ ವಾರವೇ ಮತ್ತೆ ಬೆಳಗಾವಿ ಕಡೆ ಹೋಗುವುದಿದ್ದರೆ ಈ ಕೆಲಸ ಮುಗಿಸಿಯೇ ಚೋರ್ಲಾ ಘಟ್ಟ ಹತ್ತಬೇಕು.