ಮನೆ ಒಂದೇ, ಸರಕಾರ ಮೂರು

ಅಕ್ಕಲಕೋಟ: ತಾಲೂಕಿನ ಹಳ್ಳಿಯೊಂದರ ಈ ಅಜ್ಜಿಯ ಜನ್ಮದಿನ ಆಧಾರ್ ಕಾರ್ಡಿನಲ್ಲಿ 1949ರ ಜನವರಿ 1. ದಾಖಲೆ ಇಲ್ಲದ ಹಿರಿಯರಿಗೆ ವರ್ಷ ಅಂದಾಜು ಮಾಡಿ ಜನವರಿ 1 ಬರೆಯುವುದು ರೂಢಿ. ಅಜ್ಜಿಯ ಲೆಕ್ಕವೇ ಬೇರೆ. "ಸೊಲ್ಲಾಪುರದಾಗ ಮಾರ್ಶಲ್ ಲಾ ಬಂದಾಗ ನಾ ತೊಟ್ಟಿಲದಾಗ ಇದ್ದೆ ಅಂತ ನಮ್ಮವ್ವ ಹೇಳತಿದ್ದಳು" ಎನ್ನುತ್ತಾರೆ.

ಅದು 1930ರ ಮೇ ತಿಂಗಳು. ಗಾಂಧೀಜಿಯವರ ಬಂಧನದ ಸುದ್ದಿ ಕೇಳಿ ಸೊಲ್ಲಾಪುರದ ಗಿರಣಿ ಕಾರ್ಮಿಕರು ಬೀದಿಗಿಳಿದರು. ಬ್ರಿಟಿಷರು ಲಷ್ಕರಿ ಕಾಯ್ದೆ ಹೇರಿದರು. ಮುಂದೆ 1931ರ ಜನವರಿ 12ರಂದು ನಾಲ್ವರನ್ನು ಯರವಡಾ ಜೈಲಿನಲ್ಲಿ ಗಲ್ಲಿಗೇರಿಸಲಾಯಿತು. ಈ ಲೆಕ್ಕದಲ್ಲಿ ಅಜ್ಜಿಗೆ ಈಗ 95 ದಾಟಿದೆ.

ಹಿರಿಮಗ ಹುಟ್ಟಿದ್ದು "ರಜಾಕಾರರ ಗದ್ದಲದಾಗ". ಆಗ ಆಳಂದ ಕಡೆಯ ನೆಂಟರು ಇವರ ಮನೆಯಲ್ಲೇ ಉಳಿದಿದ್ದರು. 1948ರ ಸೆಪ್ಟೆಂಬರಿನಲ್ಲಿ ಭಾರತೀಯ ಸೇನೆ ಸೊಲ್ಲಾಪುರದಿಂದ ನಳದುರ್ಗದ ಹಾದಿ ಹಿಡಿದು ಹೈದರಾಬಾದಿಗೆ ಸಾಗಿತು. ಕಾರ್ಡಿನ ಪ್ರಕಾರ ತಾಯಿಗಿಂತ ಮಗನೇ ದೊಡ್ಡವ!

ಅದೇ ವರ್ಷ ಅಕ್ಕಲಕೋಟ ಸಂಸ್ಥಾನ ಮುಂಬೈ ಪ್ರಾಂತಕ್ಕೆ ಸೇರಿತು. 1956ರ ಪುನರ್ವಿಂಗಡಣೆಯಲ್ಲಿ ಕರ್ನಾಟಕದ ಕಡೆ ಬರಲಿಲ್ಲ. 1960ರ ಮೇ 1ರಿಂದ ಮಹಾರಾಷ್ಟ್ರ. 1967ರ ಮಹಾಜನ ವರದಿ ಅಕ್ಕಲಕೋಟ ಕರ್ನಾಟಕಕ್ಕೆ ಸೇರಲಿ ಎಂದಿತು, ಜಾರಿಯಾಗಲಿಲ್ಲ. "ನಾ ಎಲ್ಲೀನೂ ಹೋಗಿಲ್ಲಪಾ. ಸರಕಾರನ ಬಂದು ಬಂದು ಹೋದ್ವು" ಎಂದು ಅಜ್ಜಿ ನಗುತ್ತಾರೆ.

ಅವರಿಗೆ ಚೆನ್ನಾಗಿ ನೆನಪಿರುವುದು 1957ರ ನಯಾ ಪೈಸೆ. ಆಗ ಸಂತೆಯಲ್ಲಿ ಕಾಯಿಪಲ್ಲೆ ಮಾರುತ್ತಿದ್ದರು. ಒಂದಾಣೆಗೆ 6 ಪೈಸೆ ಲೆಕ್ಕ. ಆಣೆ ಆಣೆಯ ಹಾಗೆ 16 ಸಲ ಮಾರಿದರೆ ಕೈಗೆ ಬರುವುದು 96 ಪೈಸೆ, ರೂಪಾಯಿ ತುಂಬುವುದಿಲ್ಲ. "ನಾಕು ಪೈಸಾ ಎಲ್ಲಿ ಹೋತು ಅಂತ ದಿನಾ ಜಗಳ."

1972ರ ಬರದಲ್ಲಿ ಖಡಿ ಒಡೆದರು, ರೇಶನ್ನಿನ ಕೆಂಪು ಮಿಲೋ ಜೋಳದ ರೊಟ್ಟಿ ತಿಂದರು. ಮೊದಲ ಮೊಮ್ಮಗ ಹುಟ್ಟಿದ್ದು ಆಗಲೇ. ಮರಿಮೊಮ್ಮಗಳು 1993ರ ಕಿಲ್ಲಾರಿ ಭೂಕಂಪದ ವರ್ಷದವಳು. ಗಣಪತಿ ಕಳಿಸಿದ ಮರುದಿನ, ಸೆಪ್ಟೆಂಬರ್ 30ರ ನಸುಕಿನಲ್ಲಿ, ಕೂಸನ್ನು ಎತ್ತಿಕೊಂಡು ಎಲ್ಲರೂ ಅಂಗಳಕ್ಕೆ ಓಡಿದ್ದರು.

ಇಷ್ಟು ಪಕ್ಕಾ ಲೆಕ್ಕ ಇದ್ದರೂ ಅರ್ಜಿಯಲ್ಲಿ ಅದಕ್ಕೆ ಜಾಗವಿಲ್ಲ. ಶ್ರಾವಣಬಾಳ ಯೋಜನೆಯ ನಿವೃತ್ತಿ ವೇತನಕ್ಕೆ 65 ತುಂಬಿರಬೇಕು. 80 ದಾಟಿದ್ದ ಅಜ್ಜಿ, ಕಾರ್ಡಿನಲ್ಲಿ 65 ಆಗಲಿ ಎಂದು 2014ರವರೆಗೆ ಕಾದರು. ಕಾಗದ ಮರಾಠಿಯಲ್ಲಿ, ಅಜ್ಜಿಯ ಮಾತು ಕನ್ನಡದಲ್ಲಿ. ನಡುವೆ ನಿಂತು ತಿಳಿಸಿ ಹೇಳುವವರು ಆಗ ಮನೆಯಲ್ಲಿ ಯಾರೂ ಇರಲಿಲ್ಲ.

ಈಗ ಆ ಮರಿಮೊಮ್ಮಗಳೇ ಒಂದು ವಹಿಯಲ್ಲಿ ಅಜ್ಜಿಯ ಮಾತು ಬರೆದು, ಪಕ್ಕದಲ್ಲಿ ಇಸವಿ ಹಾಕುತ್ತಿದ್ದಾಳೆ. ನಮ್ಮ ಗಡಿ ಭಾಗದಲ್ಲಿ ಇಂಥ ಹಿರಿಯರು ಕಡಿಮೆಯಾಗುತ್ತಿದ್ದಾರೆ. ನಿಮ್ಮ ಮನೆಯಲ್ಲಿದ್ದರೆ "ಯಾವ ತಾರೀಖು" ಎಂದು ಕೇಳಬೇಡಿ. "ಆಗ ಏನು ನಡೆದಿತ್ತು" ಎಂದು ಕೇಳಿ, ಬರೆದಿಡಿ.