ಇದ್ದದ್ದನ್ನೇ ಶಿವನಿಗೆ ಒಪ್ಪಿಸುವುದು

ಹಿರೇಕೆರೂರು ತಾಲೂಕಿನ ಅಬಲೂರಿಗೆ ಹೋದವರು ಅಲ್ಲಿಯ ಸೋಮನಾಥ ದೇವಾಲಯವನ್ನು ನೋಡಿಯೇ ಬಂದಿರುತ್ತಾರೆ. ಏಕಾಂತದ ರಾಮಯ್ಯನು ತನ್ನ ಶಿರಸ್ಸನ್ನೇ ಅರಿದು ಶಿವನಿಗೆ ಒಪ್ಪಿಸಿ ಮರಳಿ ಪಡೆದನೆಂಬ ಕಥೆಯನ್ನು ಅಲ್ಲಿಯ ಶಾಸನ ಹೇಳುತ್ತದೆ. ಕೇಳಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಸದ್ಭಕ್ತರೇ, ಎಲ್ಲರೂ ರಾಮಯ್ಯರಾಗಲು ಸಾಧ್ಯವಿಲ್ಲ. ಶಿವನು ಎಲ್ಲರಿಂದಲೂ ತಲೆಯನ್ನು ಬೇಡುವುದೂ ಇಲ್ಲ. ನಮ್ಮಲ್ಲಿ ಬಹುಪಾಲು ಜನರಿಗೆ ಇರುವುದು ಎರಡೆಕರೆ ಹೊಲ, ಒಂದು ಜೊತೆ ಎತ್ತು, ಒಂದು ಕಸುಬು, ಒಂದಿಷ್ಟು ದನಿ, ರೆಟ್ಟೆಯಲ್ಲಿ ಉಳಿದಷ್ಟು ಶಕ್ತಿ. ಇಷ್ಟರಲ್ಲಿ ಶಿವನಿಗೆ ಏನು ಸಲ್ಲಬಹುದು?

ಈ ಪ್ರಶ್ನೆಯನ್ನು ನಾವು ಸುಮ್ಮನೆ ಎತ್ತಿಲ್ಲ. ಹಾನಗಲ್ಲ, ಶಿಗ್ಗಾವಿ, ಸವಣೂರು ಕಡೆಯ ಊರುಗಳಲ್ಲಿ ಜಾತ್ರೆಯ ಪಟ್ಟಿ ಹಿಡಿಯುವ ದಿನ ನೋಡಬೇಕು. ಮುಂದಿನ ಸಾಲಿನವರು ಲಕ್ಷ, ಐವತ್ತು ಸಾವಿರ ಎಂದು ಬರೆಸುತ್ತಾರೆ. ಹಿಂದೆ ಕಂಬಕ್ಕೆ ಒರಗಿ ಕುಳಿತ ಹಿರಿಯರು, ‘ನಮ್ಮ ಕಡೆ ಏನೈತ್ರೀ ಅಜ್ಜಾರ, ಕೊಡಾಕ’ ಎಂದು ಮುಖ ತಗ್ಗಿಸುತ್ತಾರೆ. ಹೀಗೆ ಮುಖ ತಗ್ಗಿಸಿದವರಲ್ಲಿ ಕೆಲವರು ಮರುವರ್ಷ ಮಠದ ಕಡೆಗೆ ಬರುವುದನ್ನೇ ಕಡಿಮೆ ಮಾಡುತ್ತಾರೆ. ನಮಗೆ ನೋವಾಗುವುದು ಇಲ್ಲಿ.

ಕಲ್ಯಾಣದ ಶರಣರಲ್ಲಿ ಆಯ್ದಕ್ಕಿ ಮಾರಯ್ಯನ ಆಸ್ತಿಯಾದರೂ ಏನಿತ್ತು? ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮ ದಾಸೋಹ ನಡೆಸುವುದೇ ಅವನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಮಡದಿ ಲಕ್ಕಮ್ಮ ಒಪ್ಪಲಿಲ್ಲ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬಾ ಎಂದು ಹಿಂದಕ್ಕೆ ಕಳಿಸಿದಳು. ದಾಸೋಹ ದೊಡ್ಡದಾಗಲಿ ಎಂದು ಆಸೆಪಡುವವರ ನಡುವೆ ಅದು ಅಳತೆ ಮೀರದಿರಲಿ ಎಂದ ತಾಯಿ ಅವಳು. ನುಲಿಯ ಚಂದಯ್ಯ ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರಿ, ಬಂದ ಕಾಸಿನಲ್ಲಿ ದಾಸೋಹ ಮಾಡಿದ. ಇವರ ಹೆಸರು ಉಳಿದದ್ದು ಕೊಟ್ಟ ಮೊತ್ತದಿಂದಲ್ಲ.

ಅಷ್ಟು ಹಿಂದಕ್ಕೆ ಹೋಗುವುದೇಕೆ, ನಮ್ಮ ಹಾನಗಲ್ಲ ಸೀಮೆಯಲ್ಲಿಯೇ ನಡೆದದ್ದನ್ನು ನೆನೆಯೋಣ. ಹಾನಗಲ್ಲ ವಿರಕ್ತಮಠದ ಕುಮಾರ ಮಹಾಸ್ವಾಮಿಗಳು (1867–1930) 1909ರಲ್ಲಿ ಬಾದಾಮಿಯ ಹತ್ತಿರ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗ ಮಂದಿರವನ್ನು ಕಟ್ಟಿದರೆಂಬುದು ಎಲ್ಲರಿಗೂ ಗೊತ್ತು. ಹಣೆಗೆ ವಿಭೂತಿ ಧರಿಸುವಾಗ ಆ ಮಂದಿರದ ಒಂದು ಕೆಲಸವನ್ನು ಮಾತ್ರ ನಾವು ಮರೆಯುತ್ತೇವೆ. ಅಲ್ಲಿ ಗೋಶಾಲೆಯಿದೆ. ಆಕಳ ಸೆಗಣಿಯನ್ನು ಒಣಗಿಸಿ, ಸುಟ್ಟು, ಬೂದಿಯನ್ನು ನೀರಿನಲ್ಲಿ ಕಲಸಿ ಸೋಸಿ, ತಿಳಿ ತೆಗೆದು, ಉಳಿದ ನುಣುಪನ್ನು ಗಟ್ಟಿ ಮಾಡಿದರೆ ವಿಭೂತಿ. ಹಿತ್ತಲಿನ ತಿಪ್ಪೆಗೆ ಹೋಗುವ ವಸ್ತು ಶಿವಭಕ್ತನ ಹಣೆಯ ಮೇಲೆ ಬಂದು ಕೂರುತ್ತದೆ. ನಡುವೆ ಬೇಕಾದದ್ದು ಯಾರದೋ ಕೈಯ ದುಡಿಮೆ, ಅಷ್ಟೇ.

ಅದೇ ಸ್ವಾಮಿಗಳ ಕಿವಿಗೆ ಇಬ್ಬರು ಕುರುಡು ಹುಡುಗರ ಹಾಡು ಬಿದ್ದಿತು. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯ ಅಣ್ಣತಮ್ಮಂದಿರು, ಬಡ ಜಂಗಮರ ಮಕ್ಕಳು. ಅವರಲ್ಲಿ ಗದಿಗೆಯ್ಯ ಹುಟ್ಟಿದ್ದು 1892ರಲ್ಲಿ. ಆ ಕಾಲದಲ್ಲಿ ಕಣ್ಣಿಲ್ಲದ ಹುಡುಗನೆಂದರೆ ಮನೆಗೆ ಭಾರ, ಊರಿಗೆ ಅಯ್ಯೋ ಪಾಪ. ಅವನಲ್ಲಿದ್ದುದು ದನಿಯೊಂದೇ. ಸ್ವಾಮಿಗಳು ಅವನಿಗೆ ಕಾಸು ಕೊಟ್ಟು ಕಳಿಸಲಿಲ್ಲ, ಸಂಗೀತ ಕಲಿಸಿದರು, ಕರ್ನಾಟಕಿಯನ್ನೂ ಹಿಂದೂಸ್ತಾನಿಯನ್ನೂ. ಗದಿಗೆಯ್ಯ ಪಂಚಾಕ್ಷರಿ ಗವಾಯಿಗಳಾದರು.

ಕಲಿತ ವಿದ್ಯೆಯನ್ನು ರಾಜರ ದರಬಾರಿನಲ್ಲಿ ಹಾಡಿ ಸುಖವಾಗಿರಬಹುದಿತ್ತು. ಅವರು ಹಾಗೆ ಮಾಡದೆ ಕಣ್ಣಿಲ್ಲದ, ದಿಕ್ಕಿಲ್ಲದ ಮಕ್ಕಳನ್ನು ಜಾತಿ ಕೇಳದೆ ಕೂಡಿಸಿಕೊಂಡು ಊರೂರು ತಿರುಗುತ್ತ ಪಾಠ ಹೇಳಿದರು. ಇವತ್ತು ಈ ಊರ ಗುಡಿ, ನಾಳೆ ಆ ಊರ ಮಠ. ಭಕ್ತರು ಕೊಟ್ಟ ಜೋಳ ತೀರಿದ ದಿನ ಉಪವಾಸ. ಮಕ್ಕಳ ಹೊಟ್ಟೆ ತುಂಬಿಸಲೆಂದೇ ನಾಟಕ ಕಂಪನಿಯನ್ನೂ ಕಟ್ಟಿದರು. ಮಠದವರು ನಾಟಕ ಆಡಿಸುವುದೇ ಎಂದು ಮೂಗು ಮುರಿಯುವವರು ಎಂದಿಗೂ ಇದ್ದೇ ಇರುತ್ತಾರೆ. ಆದರೆ ಬಣ್ಣ, ಪರದೆ, ಟಿಕೀಟಿನ ಕಾಸು, ಇವೆಲ್ಲ ದಾಸೋಹದ ಒಲೆಗೆ ಸೌದೆಯಾದವು. ಗದುಗಿನಲ್ಲಿ ನೆಲೆನಿಂತ ವೀರೇಶ್ವರ ಪುಣ್ಯಾಶ್ರಮ ಹೀಗೆ ಬೆಳೆಯಿತು.

ಹಾವೇರಿ ಸೀಮೆಯ ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿ ಕೂಸಾಗಿದ್ದಾಗಲೇ ಕಣ್ಣು ಕಳೆದುಕೊಂಡ ಇನ್ನೊಬ್ಬ ಹುಡುಗನೂ ಈ ನೆರಳಿಗೆ ಬಂದನು. ಅವರೇ ಪುಟ್ಟರಾಜ ಗವಾಯಿಗಳು. 1944ರಲ್ಲಿ ಗುರುಗಳು ಲಿಂಗೈಕ್ಯರಾದ ಮೇಲೆ ಅರವತ್ತಾರು ವರ್ಷ ಆಶ್ರಮವನ್ನು ನಡೆಸಿ, 2010ರ ಸೆಪ್ಟೆಂಬರಿನಲ್ಲಿ ಲಿಂಗೈಕ್ಯರಾದರು. ಆ ವರ್ಷವೇ ಪದ್ಮಭೂಷಣ ಬಂದಿತ್ತು. ಊರೂರಿನ ಭಕ್ತರು ಅವರಿಗೆ ಮಾಡಿದ ತುಲಾಭಾರಗಳಿಗೆ ಲೆಕ್ಕವಿಲ್ಲ. ತಕ್ಕಡಿಯ ಒಂದು ಕಡೆ ಅಜ್ಜಾರು, ಇನ್ನೊಂದು ಕಡೆ ನಾಣ್ಯ. ಹಾಗೆ ಕೂಡಿದ ಚಿಲ್ಲರೆಯೆಲ್ಲ ಮಕ್ಕಳ ಅನ್ನಕ್ಕೆ ಹೋಯಿತು. ತಕ್ಕಡಿಯಲ್ಲಿ ಯಾರ ನಾಣ್ಯ ಯಾವುದೆಂದು ಯಾರು ಗುರುತು ಹಿಡಿದಾರು? ಅಲ್ಲಿ ಕಲಿತ ಅಂಧರು ಪುರಾಣ ಪ್ರವಚನಗಳಲ್ಲಿ ತಬಲಾ, ಹಾರ್ಮೋನಿಯಂ ಹಿಡಿದು ಇಂದಿಗೂ ನಮ್ಮ ಹಳ್ಳಿಗಳಿಗೆ ಬರುತ್ತಾರೆ, ಸ್ವಂತ ದುಡಿಮೆಯಲ್ಲಿ ಸಂಸಾರ ನಡೆಸುತ್ತಾರೆ.

ಶಿಗ್ಗಾವಿ ತಾಲೂಕಿನ ಶಿಶುನಾಳದ ಶರೀಫ ಸಾಹೇಬರು (1819–1889) ಹುಟ್ಟಿನಿಂದ ಮುಸಲ್ಮಾನರು. ಅವರೂ ಸೋರುವ ಮಾಳಿಗೆಯಂಥ ಮನೆಯ ಸಂಗತಿಯನ್ನೇ ಎತ್ತಿಕೊಂಡು ತತ್ವ ಹಾಡಿದರು. ಪದಕ್ಕೆ ಬೇಕಾದದ್ದೆಲ್ಲ ಊರೊಳಗೇ ಸಿಕ್ಕಿತು.

ಇನ್ನು ನಮ್ಮ ಪಟ್ಟಿಯ ಮಾತು. ದಾನಿಗಳ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುವುದು ತಪ್ಪೆಂದು ನಾವು ಹೇಳುವುದಿಲ್ಲ, ಹಣವಿಲ್ಲದೆ ಛಾವಣಿ ಏಳುವುದಿಲ್ಲ. ಆದರೆ ಜಾತ್ರೆಯ ದಾಸೋಹಕ್ಕೆ ಓಣಿ ಓಣಿಯ ತಾಯಂದಿರು ವಾರಗಟ್ಟಲೆ ಬಡಿದು ಒಣಗಿಸಿ ತರುವ ರೊಟ್ಟಿಯ ಬುಟ್ಟಿಗಳು ಯಾವ ಪಟ್ಟಿಯಲ್ಲಿವೆ? ಸೌದೆ ಒಡೆದವನು, ಟ್ರ್ಯಾಕ್ಟರಿನಲ್ಲಿ ನೀರು ತಂದವನು, ರಾತ್ರಿಯೆಲ್ಲ ಹುಗ್ಗಿಯ ಕೊಪ್ಪರಿಗೆ ಕಾಯ್ದವನು, ಪಾದರಕ್ಷೆ ನೋಡಿಕೊಂಡ ಮುದುಕ, ಕಣ್ಣು ಮಂಜಾದವರಿಗೆ ಪುರಾಣ ಓದಿ ಹೇಳಿದ ಶಾಲೆಯ ಹುಡುಗಿ, ಇವರ ಹೆಸರೆಲ್ಲಿ? ಮುಂದಿನ ಜಾತ್ರೆಗೆ ಪಟ್ಟಿ ಬರೆಯುವವರು ರೂಪಾಯಿಯ ಮನೆಯ ಪಕ್ಕದಲ್ಲಿ ಇನ್ನೊಂದು ಗೆರೆ ಎಳೆಯಲಿ. ‘ಏನು ಕೊಡುತ್ತೀರಿ’ ಎನ್ನುವುದಕ್ಕೆ ಬದಲು ‘ಏನು ಬರುತ್ತದೆ ನಿಮಗೆ’ ಎಂದು ಕೇಳಲಿ. ಕಂಬಕ್ಕೆ ಒರಗಿದ ಹಿರಿಯರು ಹಗ್ಗ ಹೊಸೆಯುತ್ತೇನೆ ಎಂದರೆ ಹಗ್ಗವೆಂದೇ ಬರೆಯಲಿ. ತೇರಿಗೆ ಹಗ್ಗ ಹೇಗೂ ಬೇಕು.