ಪರಮಾಣು ತೋಟದ ಅಳತೆ ಹಗ್ಗ

ಶಿಕಾರಿಪುರ, ಸೊರಬದ ಕಡೆ ಹೊಸದಾಗಿ ಅಡಿಕೆ ಹಾಕುವವರು ಮೊದಲು ಹಗ್ಗ ಹಿಡಿದು ಅಳತೆ ಮಾಡ್ತಾರೆ. ಗಿಡದಿಂದ ಗಿಡಕ್ಕೆ ಸುಮಾರು 9 ಅಡಿ. ತೀರಾ ಹತ್ತಿರ ನೆಟ್ಟರೆ ನೀರು, ಬಿಸಿಲು ಎರಡಕ್ಕೂ ಪೈಪೋಟಿ. ಭೌತವಿಜ್ಞಾನಿಗಳೂ ಈಗ ಇಂಥದ್ದೇ ತೋಟ ಮಾಡ್ತಿದ್ದಾರೆ. ಅಡಿಕೆಯ ಬದಲು ರುಬಿಡಿಯಂ ಪರಮಾಣು. ಅಂತರ ತಲೆಗೂದಲಿನ ದಪ್ಪದ ಹತ್ತನೇ ಒಂದು ಭಾಗದಷ್ಟು. ಅವರು ತೆಗೆಯಲು ಹೊರಟಿರುವ ಬೆಳೆ ಕಾಂತತೆಯ ಗುಟ್ಟು.

ಫ್ರಿಡ್ಜ್ ಬಾಗಿಲಿಗೆ ಅಂಟಿಸಿದ ಮ್ಯಾಗ್ನೆಟ್ ನೋಡಿ. ಅದರೊಳಗಿನ ಪರಮಾಣುಗಳು ಪುಟ್ಟ ಸೂಜಿಗಳಿದ್ದಂತೆ; ಹೆಚ್ಚಿನವು ಒಂದೇ ದಿಕ್ಕಿಗೆ ತಿರುಗಿರುತ್ತವೆ. ಇನ್ನು ಕೆಲವು ವಸ್ತುಗಳಲ್ಲಿ ಪಕ್ಕದವನು ಮೇಲೆ ನೋಡಿದರೆ ಇವನು ಕೆಳಗೇ ನೋಡಬೇಕು. ಚೌಕ ಜೋಡಣೆಯಲ್ಲಿ ಇದು ಸಲೀಸು, ಚದುರಂಗದ ಮಣೆಯ ಕಪ್ಪು ಬಿಳುಪಿನ ಹಾಗೆ. ತ್ರಿಕೋನದಲ್ಲಿ? ಇಬ್ಬರು ಎದುರುಬದುರಾದ ಮೇಲೆ ಮೂರನೆಯವನು ಇಬ್ಬರಿಗೂ ಉಲ್ಟಾ ನಿಲ್ಲೋಕೆ ಆಗೋದೇ ಇಲ್ಲ. ಇಂಥ ಇಕ್ಕಟ್ಟಿನ ಕಾಂತಗಳೇ ನಿಜವಾದ ತಲೆನೋವು.

ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಬಹುದಲ್ವಾ ಅಂತೀರಾ? ಒಂದೊಂದು ಸೂಜಿ ಸೇರಿದಾಗಲೂ ಸಾಧ್ಯತೆಗಳು ದುಪ್ಪಟ್ಟಾಗುತ್ತವೆ. 10 ಸೂಜಿಗೆ 1,024. 50 ಸೂಜಿಗೆ 11 ಕೋಟಿ ಕೋಟಿಗೂ ಹೆಚ್ಚು! ಕ್ವಾಂಟಂ ಲೋಕವನ್ನು ಅನುಕರಿಸೋಕೆ ಕ್ವಾಂಟಂ ನಿಯಮದಂತೆ ನಡೆಯುವ ಯಂತ್ರವೇ ಬೇಕು ಎಂದು ರಿಚರ್ಡ್ ಫೈನ್‌ಮನ್ 1982ರಲ್ಲೇ ಬರೆದಿದ್ದರು.

ಈ ತೋಟ ಅಂಥದ್ದೊಂದು ಯಂತ್ರ. ಲೇಸರ್ ಬೆಳಕಿನ ಚಿಮುಟ ಒಂದೊಂದೇ ಪರಮಾಣುವನ್ನು ಹಿಡಿದು ಕೂರಿಸುತ್ತದೆ. ಇನ್ನೊಂದು ಲೇಸರ್ ಅದರ ಹೊರಗಿನ ಎಲೆಕ್ಟ್ರಾನನ್ನು ಬಹುದೂರಕ್ಕೆ ಎತ್ತಿದರೆ ಪರಮಾಣು ಸುಮಾರು ಸಾವಿರ ಪಟ್ಟು ಊದಿಕೊಳ್ಳುತ್ತದೆ. ಇದೇ ರಿಡ್‌ಬರ್ಗ್ ಸ್ಥಿತಿ. ಊದಿದ್ದು 'ಮೇಲೆ', ಊದದ್ದು 'ಕೆಳಗೆ' ಅಂತ ಲೆಕ್ಕ. ತೀರಾ ಹತ್ತಿರದ ಎರಡು ಒಟ್ಟಿಗೆ ಊದಿಕೊಳ್ಳಲಾರವು. ಅಂತರ ಅರ್ಧ ಮಾಡಿದರೆ ಪರಸ್ಪರ ಸೆಣಸಾಟ 64 ಪಟ್ಟು! ಅಂದರೆ ಅಳತೆ ಹಗ್ಗವೇ ಇಲ್ಲಿ ವಾಲ್ಯೂಮ್ ಬಟನ್.

2021ರಲ್ಲಿ ಹಾರ್ವರ್ಡ್ ತಂಡ 256 ಪರಮಾಣುಗಳಿಂದ, ಪ್ಯಾರಿಸ್ ಬಳಿಯ ಪಾಲೆಸೊ ತಂಡ 196ರಿಂದ ಚದುರಂಗದ ಮಣೆಯ ವಿನ್ಯಾಸ ಮೂಡಿಸಿದವು. ಪಾಲೆಸೊದವರು ತಂಟೆಕೋರ ತ್ರಿಕೋನಕ್ಕೂ ಕೈ ಹಾಕಿದರು. ಇದರಿಂದ ನಾಳೆಯೇ ಹೊಸ ಮೋಟಾರು ಬರುತ್ತೆ ಅನ್ನೋ ಸುದ್ದಿ ಓದಿದರೆ ನಂಬಬೇಡಿ.

ನಮ್ಮಲ್ಲೂ ಕೆಲಸ ನಡೆದಿದೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಸೋಡಿಯಂ, ಪೊಟ್ಯಾಸಿಯಂ ಪರಮಾಣುಗಳನ್ನು ಲೇಸರ್‌ನಿಂದಲೇ ತಣಿಸುತ್ತಾರೆ. 2023ರಲ್ಲಿ ಒಪ್ಪಿಗೆ ಪಡೆದ 6,003.65 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಂ ಮಿಷನ್‌ನಲ್ಲಿ ಕಂಪ್ಯೂಟಿಂಗ್ ಕೇಂದ್ರ ಭಾರತೀಯ ವಿಜ್ಞಾನ ಸಂಸ್ಥೆಯ ಪಾಲಿಗೆ ಬಂದಿದೆ. ಊರಲ್ಲಿ ಬಿಎಸ್‌ಸಿ ಮುಗಿಸಿ ಮುಂದೇನು ಅಂತ ಕೂತಿರೋ ತಮ್ಮನೋ ತಂಗಿಯೋ ಇದ್ದರೆ ಈ ಎರಡು ಹೆಸರು ಹೇಳಿ. ಇಂಥ ಲ್ಯಾಬ್‌ಗಳಲ್ಲಿ ಸಮೀಕರಣ ಬಿಡಿಸೋದಷ್ಟೇ ಅಲ್ಲ, ಕನ್ನಡಿ ನೇರ ಕೂರಿಸೋದು, ನಿರ್ವಾತದ ಪೈಪು ಸೋರದಂತೆ ನೋಡೋದು, ಸರ್ಕ್ಯೂಟಿಗೆ ಬೆಸುಗೆ ಹಾಕೋದೂ ಕೆಲಸವೇ.